ಅಕ್ಕಡಿ ಸಾಲನ್ನು ಕೈಬಿಡಬಾರದು

ಚಿಂತಾಮಣಿ ತಾಲ್ಲೂಕಿನ ನಮ್ಮ ಎರಡು ಎಕರೆ ಖುಷ್ಕಿ ಹೊಲದಲ್ಲಿ ಕಳೆದೊಂದು ವರ್ಷ ನಡೆದದ್ದನ್ನೆಲ್ಲ ನೋಡಿದ ಮೇಲೆ, ರಾಗಿಯ ನಡುವೆ ಅಕ್ಕಡಿ ಸಾಲು, ಅಂದರೆ ಅವರೆ, ತೊಗರಿಯಂಥ ಬೇರೆ ಬೆಳೆಗಳ ಸಾಲು, ಹಾಕುವ ಪದ್ಧತಿಯನ್ನು ನಮ್ಮ ಸೀಮೆಯವರು ಕೈಬಿಡಬಾರದೆಂಬ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ.

ವರ್ಷದ ಒಟ್ಟು ಮಳೆಯ ಲೆಕ್ಕದಲ್ಲಿ ಕೊರತೆಯೇನೂ ಕಾಣುವುದಿಲ್ಲ. ರಾಗಿಗೆ ಅಂಥ ಲೆಕ್ಕದಿಂದ ಪ್ರಯೋಜನವಿಲ್ಲ. ಅದು ಬದುಕುವುದು ಹದವರಿತು ಬಿದ್ದ ಮಳೆಯಿಂದ. ಮುಂಗಾರಿಗೆ ಮುಂಚಿನ ಮಳೆಗೆ ಅಪ್ಪ ಉಳುಮೆ ಮಾಡಿಸಿ ಕೊಟ್ಟಿಗೆ ಗೊಬ್ಬರ ಹರಡಿಸಿದರು. ಪುನರ್ವಸು ಮಳೆಯ ಹದಕ್ಕೆ ಜಿಪಿಯು-28 ತಳಿಯ ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿ, ನಡುನಡುವೆ ಅವರೆ, ತೊಗರಿಯ ಸಾಲುಗಳನ್ನೂ ಬದುವಿನಂಚಿಗೆ ಹುಚ್ಚೆಳ್ಳನ್ನೂ ಹಾಕಿದೆವು. ಆಮೇಲೆ ಆಗಸ್ಟ್‌ನ ಆಶ್ಲೇಷ, ಮಖೆ ಮಳೆಗಳೆರಡೂ ಕೈಕೊಟ್ಟವು. ಬುಡದಿಂದ ತೆಂಡೆ (ಮರಿಪೈರು) ಒಡೆಯಬೇಕಾದ ಹೊತ್ತಿನಲ್ಲಿ ತೇವವಿಲ್ಲದೆ ರಾಗಿಯ ಗರಿಗಳು ಮಧ್ಯಾಹ್ನವಾಗುತ್ತಲೇ ಸುರುಳಿ ಸುತ್ತಿಕೊಳ್ಳುತ್ತಿದ್ದರೆ, ಆಳಕ್ಕೆ ಬೇರಿಳಿಸಿದ್ದ ತೊಗರಿ ಅದೇ ಹೊಲದಲ್ಲಿ ಹಸಿರಾಗಿಯೇ ನಿಂತಿತ್ತು. ಹಸ್ತ, ಚಿತ್ತೆ ಮಳೆ ಬಂದು ಉಳಿದ ಪೈರು ತೆನೆ ಕಟ್ಟಿತು.

ಕೊಯ್ದ ರಾಗಿಯನ್ನು ಹೊಲದಲ್ಲೇ ಒಣಗಲು ಬಿಟ್ಟಿದ್ದಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಜಡಿಮಳೆ ಹಿಡಿಯಿತು. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರಾಗಿಯನ್ನು ಹಾಳುಮಾಡಿದ್ದೂ ಇಂಥದೇ ಅಕಾಲದ ಮಳೆ. ಮಳೆ ನಿಂತ ಮೇಲೆ ಅಮ್ಮ ಕೊಯ್ದು ಹಾಕಿದ್ದ ಪೈರಿನ ಒಂದೊಂದೇ ಅರಿಯನ್ನು ಮಗುಚಿ ಹಾಕುವಾಗ ನೋಡಿದರೆ, ನೆಲಕ್ಕೆ ತಾಗಿದ್ದ ತೆನೆಗಳೊಳಗೆ ಕಾಳು ಮೊಳೆತು ನೂಲಿನಷ್ಟು ಸಣ್ಣ ಬಿಳಿ ಬೇರು ಹೊರಟಿತ್ತು. ಹುಲ್ಲು ಕಪ್ಪಾಗಿ ಮುಗ್ಗಲು ನಾತ ಬರುತ್ತಿತ್ತು. ದನಗಳೂ ಅದನ್ನು ಮೂಸಿ ಬಿಟ್ಟವು. ರಾಗಿಯ ಬೆಂಬಲ ಬೆಲೆ 2024–25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇದ್ದದ್ದು 2025–26ಕ್ಕೆ 4,886 ಆದದ್ದು ಸಂತೋಷವೇ, ಆದರೆ ಮೊಳೆತು ಬಣ್ಣಗೆಟ್ಟ ಕಾಳನ್ನು ಖರೀದಿ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲ.

ನಮ್ಮನ್ನು ಉಳಿಸಿದ್ದು ಅವರೆ. ಹಗಲು ಮೊಟಕಾದ ಮೇಲೆ ಹೂಬಿಡುವ ನಾಟಿ ತಳಿಯಾದ್ದರಿಂದ, ಮೊದಲ ಹೂವು ಮಳೆಗೆ ಉದುರಿದರೂ ನೆಲದ ತೇವ ಹಿಡಿದು ಮತ್ತೆ ಹೂಬಿಟ್ಟಿತು. ಮಂಜಿಗೆ ಸೊಗಡೇರಿದ ಕಾಯನ್ನು ಡಿಸೆಂಬರ್, ಜನವರಿಯುದ್ದಕ್ಕೂ ಚಿಂತಾಮಣಿಗೆ ಒಯ್ದು ಮಾರಿದ ಹಣದಲ್ಲೇ ಮನೆಯ ಖರ್ಚೂ ದನಗಳಿಗೆ ಕೊಂಡ ಹುಲ್ಲಿನ ಖರ್ಚೂ ನೀಗಿದವು.

ಕಟಾವು ಯಂತ್ರಕ್ಕೆ ಅಡ್ಡವೆಂದೋ, ಕಳೆನಾಶಕ ಹೊಡೆದರೆ ಅವರೆ ಸಾಯುತ್ತದೆಂದೋ ಬಹಳ ಮಂದಿ ಈಗ ಬರೀ ರಾಗಿ ಬಿತ್ತುತ್ತಿದ್ದಾರೆ. ಕೂಲಿಯಾಳು ಸಿಗದ ಕಷ್ಟ ನಮ್ಮ ಮನೆಯಲ್ಲೂ ಇರುವುದರಿಂದ ಅವರನ್ನು ದೂರಲಾರೆ. ಆದರೂ ಯಂತ್ರ ಹಾಯುವಷ್ಟು ಅಗಲಕ್ಕೆ ರಾಗಿ ಬಿತ್ತಿ, ಆ ಪಟ್ಟಿಗಳ ನಡುವೆಯಾದರೂ ಅವರೆ, ತೊಗರಿಗೆ ಜಾಗ ಕೊಡಬಹುದು. ಈ ಸಲ ನಾವು ಹಾಗೆಯೇ ಬಿತ್ತಲಿದ್ದೇವೆ. ನಾಟಿ ಅವರೆಯ ಬಿತ್ತನೆ ಬೀಜ ಬೇಕಾದ ಅಕ್ಕಪಕ್ಕದ ಊರಿನವರು ಮೊದಲೇ ತಿಳಿಸಿದರೆ ಒಂದೆರಡು ಸೇರು ಎತ್ತಿಟ್ಟಿರುತ್ತೇವೆ.