ಸತ್ಯಾಂಶ: ಎಲೆಕ್ಟ್ರಿಕ್ ಕುಕ್ಕರ್ ಊಟದ ಸತ್ವವನ್ನೆಲ್ಲ ಸುಡುತ್ತದೆಯೇ?

‘ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನ ಬಿಸಿಗೆ ಸತ್ವವೆಲ್ಲ ಸತ್ತು, ಊಟ ವಿಷವಾಗುತ್ತದೆ’ ಎಂಬ ಮೆಸೇಜ್ ಸುತ್ತುತ್ತಲೇ ಇರುತ್ತದೆ. ಇದು ನಿಜವಲ್ಲ.

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಈ ಕುಕ್ಕರ್‌ಗಳಲ್ಲಿ ಬಿಸಿ ಸಾಮಾನ್ಯವಾಗಿ 110ರಿಂದ 120 ಡಿಗ್ರಿಯೊಳಗೇ ಇರುತ್ತದೆ. ಒಲೆಯ ಮೇಲಿನ ಕುಕ್ಕರ್‌ಗಿಂತ ಜಾಸ್ತಿಯೇನಲ್ಲ. ಎಣ್ಣೆಯಲ್ಲಿ ಕರಿಯುವಾಗಿನ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು, ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ ನೋಡಿ!

ವಿಟಮಿನ್ ಸಿ, ಕೆಲವು ಬಿ ವಿಟಮಿನ್‌ಗಳು ಸ್ವಲ್ಪ ಕಡಿಮೆಯಾಗುವುದು ಹೌದು. ಹೇಗೆ ಬೇಯಿಸಿದರೂ ಅಷ್ಟೇ. ಇಲ್ಲಿ ಸಮಯ ಕಡಿಮೆ, ನೀರೂ ಕಡಿಮೆ. ಬೆಂದ ನೀರನ್ನು ಚೆಲ್ಲದಿದ್ದರೆ ಅದರಲ್ಲಿ ಬಿಟ್ಟುಕೊಂಡದ್ದೂ ಉಳಿಯುತ್ತದೆ.

ವಿಷದ ಮಾತು ಪೂರ್ತಿ ಉಲ್ಟಾ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಪ್ರೋಟೀನ್ ಇರುತ್ತದೆ. ಪ್ರೆಶರ್‌ನಲ್ಲಿ ಚೆನ್ನಾಗಿ ಬೆಂದರೆ ಅದು ನಾಶವಾಗುತ್ತದೆ. ಆದರೆ ಇದೇ ಯಂತ್ರದ ‘ಸ್ಲೋ ಕುಕ್’ ಬಟನ್ ಒತ್ತಿ ಹಸಿ ರಾಜ್ಮಾ ಬೇಯಿಸಬೇಡಿ, ಆ ಬಿಸಿ ಸಾಲದೇ ಹೋಗಬಹುದು.

ಕೊಳ್ಳುವಾಗ ಬೇಕಿದ್ದರೆ ಸ್ಟೀಲ್ ಒಳಪಾತ್ರೆ ಇರುವುದನ್ನು ತೆಗೆದುಕೊಳ್ಳಿ. ರಬ್ಬರ್ ರಿಂಗ್ ಬಿಡಿಯಾಗಿ ಸಿಗುತ್ತದಾ ಕೇಳಿ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಕಾಳಾದರೆ ಅರ್ಧ ಸಾಕು.