ಬೋರ್ಡಿನ ಮೇಲಿನ ನಾಲ್ಕು ಮನೆ

ಹದಿನೆಂಟು ವರ್ಷದಿಂದ ಪಿಯು ಮಕ್ಕಳಿಗೆ ಬಯಾಲಜಿ ಹೇಳ್ತಿದ್ದೀನಿ. ಮಗು ಹೆಣ್ಣೋ ಗಂಡೋ ಅನ್ನೋದನ್ನು ವರ್ಣತಂತುಗಳು ಹೇಗೆ ತೀರ್ಮಾನಿಸುತ್ತವೆ ಅಂತ ತೋರಿಸೋಕೆ ಪ್ರತಿವರ್ಷ ಬೋರ್ಡಿನ ಮೇಲೆ ಅದೇ ನಾಲ್ಕು ಮನೆ. ಎರಡರಲ್ಲಿ ಎಕ್ಸ್‌ಎಕ್ಸ್, ಎರಡರಲ್ಲಿ ಎಕ್ಸ್‌ವೈ. ಹೆಣ್ಣು, ಗಂಡು, ಮುಗೀತು. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಜಿಲ್ಲಾ ಮಟ್ಟದಲ್ಲಿ ಓಡುವವಳು, ಎದ್ದು ನಿಂತು ಕೇಳಿದಳು: "ಮ್ಯಾಮ್, ಹಾಗಾದ್ರೆ ಶಾಂತಿ ಮೆಡಲ್ ಯಾಕೆ ಕಿತ್ಕೊಂಡ್ರು?" ಅಷ್ಟರಲ್ಲಿ ಬೆಲ್ ಆಯ್ತು, ಬಚಾವಾದೆ.

ಶಾಂತಿ ಸೌಂದರರಾಜನ್ ತಮಿಳುನಾಡಿನ ಪುದುಕ್ಕೋಟೈ ಕಡೆಯವಳು, ಇಟ್ಟಿಗೆ ಗೂಡಲ್ಲಿ ದುಡಿಯೋರ ಮಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದಳು. ಕೆಲವೇ ದಿನದಲ್ಲಿ "ಲಿಂಗ ಪರೀಕ್ಷೆಯಲ್ಲಿ ಫೇಲ್" ಅಂತ ಸುದ್ದಿ ಸೋರಿತು. ಫೇಲ್ ಅಂತೆ! ಗಣಿತದ ಪೇಪರಾ ಅದು?

ಆ ನಾಲ್ಕು ಮನೆಯಲ್ಲಿ ಹಿಡಿಯದ ಸಂಗತಿ ಇದು. ಬಸಿರಿನ ಮೊದಲ ಆರು ವಾರ ಎಲ್ಲ ಭ್ರೂಣವೂ ಎರಡೂ ಕಡೆಯ ತಯಾರಿ ಇಟ್ಟುಕೊಂಡಿರುತ್ತೆ. ಆಮೇಲೆ ವೈ ವರ್ಣತಂತುವಿನ ಎಸ್‌ಆರ್‌ವೈ ಅನ್ನೋ ಜೀನ್ (ಅದು ಪತ್ತೆಯಾಗಿದ್ದೇ 1990ರಲ್ಲಿ) ಸ್ವಿಚ್ ಒತ್ತಿದರೆ ವೃಷಣ, ಅದರಿಂದ ಟೆಸ್ಟೋಸ್ಟೀರಾನ್. ಆದರೆ ಬಾಗಿಲು ಎಷ್ಟು ತಟ್ಟಿದರೇನು, ಒಳಗಿನವರಿಗೆ ಕೇಳಬೇಕಲ್ಲ? ಜೀವಕೋಶಕ್ಕೆ ಆ ಹಾರ್ಮೋನನ್ನು ಕೇಳಿಸೋ ಗ್ರಾಹಿಯ ಜೀನ್ ಇರೋದು, ತಮಾಷೆ ನೋಡಿ, ಎಕ್ಸ್ ಮೇಲೆ. ಅದು ಪೂರ್ತಿ ಕೆಟ್ಟಿದ್ದರೆ ಎಕ್ಸ್‌ವೈ ಮಗು ಹುಡುಗಿಯಾಗೇ ಹುಟ್ಟುತ್ತೆ, ಹುಡುಗಿಯಾಗೇ ಬೆಳೆಯುತ್ತೆ. ಮುಟ್ಟು ಮಾತ್ರ ಬರಲ್ಲ.

ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೋದು ಇದೇ ಕಥೆ. 1983ರಲ್ಲಿ 'ಹೆಣ್ಣು' ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು. 1985ರಲ್ಲಿ ಜಪಾನಿನ ಕೋಬೆಗೆ ಹೋಗುವಾಗ ಅದನ್ನು ಮನೇಲಿ ಮರೆತಳು. ಮತ್ತೆ ಪರೀಕ್ಷೆ, ಎಕ್ಸ್‌ವೈ! ಗಾಯ ಆಗಿದೆ ಅಂತ ನಾಟಕ ಆಡಿ ಸುಮ್ಮನಿರು ಅಂದರು. ಆದರೆ 1986ರಲ್ಲಿ ಸ್ಪೇನಿನ ರಾಷ್ಟ್ರೀಯ ಕೂಟದಲ್ಲಿ ಅವಳು ಓಡಿದಳು. ಸುದ್ದಿ ಬಯಲಾಯ್ತು, ಸ್ಕಾಲರ್‌ಶಿಪ್ ಹೋಯ್ತು, ಮದುವೆ ಆಗಬೇಕಿದ್ದವನೂ ಹೋದ. ಅವಳ ದೇಹಕ್ಕೆ ಟೆಸ್ಟೋಸ್ಟೀರಾನಿನಿಂದ ಕವಡೆ ಕಾಸಿನ ಲಾಭ ಇರಲಿಲ್ಲ ಅಂತ ಒಪ್ಪಿಕೊಂಡು ವಾಪಸ್ ಕರೆದದ್ದು 1988ರಲ್ಲಿ.

ಅಳತೆಗೋಲಾದರೂ ಒಂದೇ ಇದೆಯಾ? 1966ರಲ್ಲಿ ಓಟಗಾರ್ತಿಯರನ್ನು ಬೆತ್ತಲೆ ನಿಲ್ಲಿಸಿ ನೋಡಿದರು. 1968ರಲ್ಲಿ ಕೆನ್ನೆಯ ಒಳಗಿನ ಕೋಶ ಕೆರೆದರು. 1999ರಲ್ಲಿ ಒಲಿಂಪಿಕ್ಸ್‌ನವರು ಅದನ್ನು ಕೈಬಿಟ್ಟರು. ಆಮೇಲೆ ಅಥ್ಲೆಟಿಕ್ಸ್‌ನವರು ಟೆಸ್ಟೋಸ್ಟೀರಾನ್ ಮಿತಿ ತಂದರು, ಲೀಟರ್ ರಕ್ತಕ್ಕೆ ಹತ್ತು ನ್ಯಾನೋಮೋಲ್, ಐದು, ಎರಡೂವರೆ ಅಂತ ಇಳಿಸುತ್ತಾ ಹೋದರು. 2025ರ ಸೆಪ್ಟೆಂಬರಿಂದ ಮತ್ತೆ ಜೀನ್ ಪರೀಕ್ಷೆ.

ಹೆಂಗಸರ ಓಟಕ್ಕೆ ಬೇಲಿ ಬೇಡ ಅಂತಿಲ್ಲ ನಾನು. ಗಂಡಸರು ಓಟದಲ್ಲಿ ಹತ್ತು ಹನ್ನೆರಡು ಶೇಕಡಾ ಮುಂದಿರ್ತಾರೆ, ಅದಕ್ಕೆ ಹಾರ್ಮೋನೇ ಮುಖ್ಯ ಕಾರಣ. ಬೇಲಿ ಹಾಕಿಕೊಳ್ಳಲಿ, ಅದು ಮೈದಾನದ ಬೇಲಿ. ಅದೇ ರಿಪೋರ್ಟ್ ಹಿಡಿದು "ನೀನು ಹೆಣ್ಣೇ ಅಲ್ಲ" ಅನ್ನೋಕೆ ಇವರು ಯಾರು? ಕೆನಡಾದ ಡೇವಿಡ್ ರೈಮರ್ ನೆನಪಾಗ್ತಾನೆ. ಮಗುವಿದ್ದಾಗ ಸುನ್ನತಿಯಲ್ಲಿ ಎಡವಟ್ಟಾಗಿ ಶಿಶ್ನ ಹಾಳಾಯ್ತು, ಡಾಕ್ಟರ ಸಲಹೆಯಂತೆ ಹೆಣ್ಣಾಗಿ ಬೆಳೆಸಿದರು. ಲಂಗ, ಗೊಂಬೆ, ಹಾರ್ಮೋನು ಎಲ್ಲ ಕೊಟ್ಟರು. ಹದಿನಾಲ್ಕಕ್ಕೆ ನಿಜ ಗೊತ್ತಾಗಿದ್ದೇ ತಡ, ಗಂಡಾಗಿ ಬದುಕೋಕೆ ಶುರುಮಾಡಿದ. ತಾನು ಯಾರು ಅನ್ನೋದನ್ನು ಅವನಿಗೆ ಯಾವ ಡಾಕ್ಟರೂ ಒಪ್ಪಿಸೋಕಾಗಲಿಲ್ಲ.

ಸೋಮವಾರ ಆ ಹುಡುಗಿಗೆ ಇದನ್ನೆಲ್ಲ ಹೇಳಬೇಕು. ಅವಳ ಗಡಸು ದನಿಯನ್ನು ಹುಡುಗರು ಕಾರಿಡಾರಲ್ಲಿ ಅಣಕಿಸ್ತಾರೆ. ಅವಳು ಕೇಳಿದ್ದು ಶಾಂತಿಯ ಬಗ್ಗೆ ಮಾತ್ರ ಅಂತ ನನಗನ್ನಿಸ್ತಿಲ್ಲ.