ಉದಾಸೀನವೋ, ವಿಳಾಸದ ಪಾಡೋ?

ರಾಜ್ಯಶಾಸ್ತ್ರದ ಪಾಠ ಮತ್ತು ನಗರದ ಯುವಕರ ಮತದಾನದ ಬಗ್ಗೆ ಪ್ರೊಫೆಸರೊಬ್ಬರು ಬರೆದ ಲೇಖನ ಓದಿದೆ. ಪಾಠದ ಬಗ್ಗೆ ಅವರು ಬರೆದಿದ್ದಕ್ಕೆ ತಕರಾರಿಲ್ಲ. ನಾನೂ ಬೆಂಗಳೂರಲ್ಲಿ ಪದವಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವನೇ. ಆದರೆ ‘ನಗರದ ಯುವಕರಿಗೆ ವೋಟೆಂದರೆ ಉದಾಸೀನ’ ಅಂತ ಒಂದೇ ಸಾಲಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದಾರಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನ ಶೇ 81 ದಾಟಿತು, ಬೆಂಗಳೂರು ದಕ್ಷಿಣ ಶೇ 53ರ ಆಸುಪಾಸಲ್ಲೇ ನಿಂತಿತು, ಸರಿ. ಆದರೆ ಈ ಶೇಕಡಾವಾರು ಲೆಕ್ಕ ಹಾಕುವುದು ಮತದಾರರ ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ನಾವು ಎರಡು ಮನೆ ಬದಲಿಸಿ ಆರು ವರ್ಷವಾಯಿತು, ಹಳೇ ಬಾಡಿಗೆ ಮನೆಯ ವಿಳಾಸದಲ್ಲಿ ನನ್ನ ತಮ್ಮನ ಹೆಸರು ಈಗಲೂ ಇದೆ, ಅವನು ಪುಣೆಯಲ್ಲಿದ್ದಾನೆ. ಅವನೂ ‘ಉದಾಸೀನ’ದ ಲೆಕ್ಕಕ್ಕೇ ಜಮಾ!

ಇನ್ನು ನನ್ನ ಕ್ಲಾಸಿನ ರಾಯಚೂರಿನ ಹುಡುಗಿ. ಹೆಸರು ಊರಿನ ಪಟ್ಟಿಯಲ್ಲಿ, ಅಲ್ಲಿ ಆ ಚುನಾವಣೆಯ ಮತದಾನ ಇದ್ದದ್ದು ಮೇ 7, ಮಂಗಳವಾರ, ವಾರದ ನಡುವೆ. ಹೆಸರನ್ನು ಬೆಂಗಳೂರಿಗೆ ವರ್ಗಾಯಿಸಲು ಫಾರಂ 8 ತುಂಬು ಅಂದೆ. ‘ಸರ್, ಪಿಜಿಯವರು ವಿಳಾಸಕ್ಕೆ ಒಂದು ಚೀಟಿಯನ್ನೂ ಬರೆದುಕೊಡಲ್ಲ’ ಅಂದಳು. ಪಾಲಿಸಿಯಲ್ಲಿ ನ್ಯಾಯ ಬೇಕು ಅಂತ ಅರ್ಧ ಲೇಖನ ಬರೆದವರು ಈ ಅನ್ಯಾಯವನ್ನು ಯಾಕೆ ಮುಟ್ಟಲಿಲ್ಲ? ಚುನಾವಣಾ ಸಿಬ್ಬಂದಿ ಕಾಲೇಜಿಗೇ ಬಂದು, ಹಾಸ್ಟೆಲ್ ವಾರ್ಡನ್ ಸಹಿಯ ಮೇಲೆ ಹೆಸರು ಸೇರಿಸಿಕೊಳ್ಳಲಿ. ಆಮೇಲೂ ಹುಡುಗರು ಬರದಿದ್ದರೆ ಬೈಯೋಣ, ನಾನೂ ಜೊತೆಗಿರುತ್ತೇನೆ.